ಸೋಸುಕಾಗದದ ಮೇಲಿನ ರಕ್ತಬಿಂದು: ಕರ್ನಾಟಕದಲ್ಲಿ ಆನುವಂಶಿಕ ಚಯಾಪಚಯ ದೋಷಗಳ ತಪಾಸಣೆಯ ಇತಿಹಾಸ

ಮೈಸೂರು ಸಂಸ್ಥಾನದ ಹಾಗೂ ಏಕೀಕರಣೋತ್ತರ ಕರ್ನಾಟಕದ ಆರೋಗ್ಯ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ 1898ರ ಪ್ಲೇಗು, ದೇವಿ ಹಾಕುವಿಕೆ, ಮಲೇರಿಯಾ ನಿಯಂತ್ರಣ, ಹೆರಿಗೆ ಆಸ್ಪತ್ರೆಗಳ ಸ್ಥಾಪನೆ ಇವುಗಳ ಸುತ್ತ ತಮ್ಮ ನಿರೂಪಣೆಯನ್ನು ಕಟ್ಟಿದ್ದಾರೆ. ಇವೆಲ್ಲವೂ ಕಣ್ಣಿಗೆ ಕಾಣುವ, ಊರಿಗೆ ಊರೇ ತತ್ತರಿಸಿದ ಸಂಗತಿಗಳು. ಒಂದೊಂದು ಮನೆಯೊಳಗೇ ಹುಟ್ಟಿ ಅಲ್ಲಿಯೇ ಮುಗಿದುಹೋಗುವ ಕಾಯಿಲೆಗಳಿಗೆ ಇತಿಹಾಸಕಾರನ ಲೇಖನಿ ಅಷ್ಟಾಗಿ ಹರಿದಿಲ್ಲ. 1980ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಒಂದು ಕಾರ್ಯವು ಈ ಉಪೇಕ್ಷೆಗೆ ಒಳಗಾದುದರಲ್ಲಿ ಮುಖ್ಯವಾದುದು. ನವಜಾತ ಶಿಶುಗಳ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ, ಅದರಲ್ಲಿ ಆನುವಂಶಿಕ ಚಯಾಪಚಯ ದೋಷಗಳ ಸುಳಿವನ್ನು ಹುಡುಕಿದ ಆ ಕಾರ್ಯವನ್ನು ಭಾರತದ ವೈದ್ಯಕೀಯ ಸಮೀಕ್ಷೆಗಳು ದೇಶದ ಮೊದಲ ನವಜಾತ ಶಿಶು ತಪಾಸಣಾ ಪ್ರಯೋಗವೆಂದು ಗುರುತಿಸುತ್ತವೆ. ಅದರ ಹಿನ್ನೆಲೆ, ಅದು ಕಂಡುಕೊಂಡ ಸಂಗತಿಗಳು, ಮತ್ತು ಅದು ರಾಜ್ಯವ್ಯಾಪಿ ವ್ಯವಸ್ಥೆಯಾಗಿ ಬೆಳೆಯದೆ ಉಳಿದುದರ ಕಾರಣಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ಪರಿಶೀಲನೆಗೆ ಪ್ರಯೋಗಾಲಯದ ಬಾಗಿಲು ಒಂದು ಕೊನೆಯಾದರೆ, ಹಳ್ಳಿಯ ಹೊಸ್ತಿಲು ಇನ್ನೊಂದು ಕೊನೆ. ಹಾಸನ ನಗರದ ಸೆರಗಿನಲ್ಲಿರುವ ಬೂವನಹಳ್ಳಿಯನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ವಿಮಾನ ನಿಲ್ದಾಣದ ಯೋಜನೆಯಿಂದಾಗಿ ಪತ್ರಿಕೆಗಳಲ್ಲಿ ಹೆಸರಾದ ಈ ಗ್ರಾಮದಲ್ಲಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಯಾವುದೇ ಗ್ರಾಮದಲ್ಲಾಗಲಿ ಹುಟ್ಟಿದ ಕೂಸಿನ ಒಂದು ಹನಿ ರಕ್ತ ಪ್ರಯೋಗಾಲಯವನ್ನು ಮುಟ್ಟಿ, ಅದರ ಉತ್ತರ ಸಕಾಲಕ್ಕೆ ತಾಯಿಯ ಕೈ ಸೇರಬೇಕಾದರೆ ಏನೇನು ಇರಬೇಕು ಎಂಬ ಪ್ರಶ್ನೆಯೇ ಈ ಇತಿಹಾಸದ ತಿರುಳು.

ಹಳ್ಳಿಗೆ ರಕ್ತಪರೀಕ್ಷೆ ಹೊಸದಲ್ಲ

ಗ್ರಾಮೀಣ ಜನ ರಕ್ತ ಕೊಡಲು ಹಿಂಜರಿಯುತ್ತಾರೆಂಬ ಮಾತನ್ನು ನಗರದ ವೈದ್ಯರು ಆಗಾಗ್ಗೆ ಆಡುವುದುಂಟು. ಐತಿಹಾಸಿಕವಾಗಿ ಈ ಮಾತು ಪೂರ್ತಿ ನಿಲ್ಲುವುದಿಲ್ಲ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಡನೆ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯು 1930ರ ದಶಕದಲ್ಲಿ ಮಲೇರಿಯಾ ಅಧ್ಯಯನ ನಡೆಸಿದಾಗಲೇ ಹಳ್ಳಿಯ ಮಕ್ಕಳ ರಕ್ತಲೇಪನಗಳನ್ನು ಸಂಗ್ರಹಿಸಲಾಗಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಬಂದ ಮೇಲೆ ಇದು ಮನೆಮನೆಯ ಅನುಭವವಾಯಿತು. ಹದಿನೈದು ದಿನಕ್ಕೊಮ್ಮೆ ಬರುವ ಮಲೇರಿಯಾ ಕಾರ್ಯಕರ್ತ, ಜ್ವರ ಬಂದವರ ಬೆರಳ ತುದಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಂಡು, ಗೋಡೆಯ ಮೇಲೆ ದಿನಾಂಕ ಬರೆದು ಹೋಗುತ್ತಿದ್ದ. ಆ ಪಟ್ಟಿ ಚೀಲದಲ್ಲಿ ಸೇರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಸೂಕ್ಷ್ಮದರ್ಶಕದ ಮೇಜಿಗೆ ಹೋಗುತ್ತಿತ್ತು. ಅಗ್ಗದ ಪರಿಕರ, ಕಡಿಮೆ ತರಬೇತಿಯ ಕಾರ್ಯಕರ್ತ, ದೂರದ ಪರೀಕ್ಷಾಲಯ ಎಂಬ ಮೂರೂ ಅಂಶಗಳು ಇಲ್ಲಿ ಆಗಲೇ ಕೂಡಿಬಂದಿದ್ದವು. ಮುಂದೆ ಸೋಸುಕಾಗದದ ತಪಾಸಣೆಗೂ ಬೇಕಾದುದು ಇವೇ ಮೂರು.

ಆದರೆ ಎರಡಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಮಲೇರಿಯಾದಲ್ಲಿ ಜ್ವರ ಮೊದಲು, ರಕ್ತಪರೀಕ್ಷೆ ಅನಂತರ. ಚಯಾಪಚಯ ದೋಷದಲ್ಲಿ ಮಗು ನೋಡಲು ಆರೋಗ್ಯವಾಗಿಯೇ ಇರುವಾಗ ರಕ್ತ ತೆಗೆಯಬೇಕು. ಕಾಯಿಲೆ ಕಾಣಿಸಿಕೊಂಡ ಮೇಲೆ ಪರೀಕ್ಷೆ ಮಾಡಿದರೆ ಮೆದುಳಿಗೆ ಆದ ಹಾನಿಯನ್ನು ಬಹುಮಟ್ಟಿಗೆ ಹಿಂತಿರುಗಿಸಲಾಗದು. ಕಾಣದ ಕಾಯಿಲೆಗೆ ಆರೋಗ್ಯವಂತ ಕೂಸಿನ ಹಿಮ್ಮಡಿ ಚುಚ್ಚಬೇಕೆಂಬ ಮಾತನ್ನು ಬಾಣಂತಿಗೂ ಅವಳ ತಾಯಿಗೂ ಒಪ್ಪಿಸುವುದು ಮಲೇರಿಯಾದವರಿಗೆ ಎದುರಾಗದ ಕೆಲಸ.

ಹಾಗೆಂದು ಈ ಕಾಯಿಲೆಗಳು ಹಳ್ಳಿಯ ಅರಿವಿಗೆ ಬಂದಿರಲೇ ಇಲ್ಲವೆನ್ನಲಾಗದು. ಹುಟ್ಟಿದ ನಾಲ್ಕಾರು ದಿನ ಚೆನ್ನಾಗಿದ್ದು, ಬಳಿಕ ಹಾಲು ಬಿಟ್ಟು, ಸೆಳವು ಬಂದು ಸತ್ತ ಕೂಸುಗಳ ನೆನಪು ಅನೇಕ ಮನೆಗಳಲ್ಲಿದೆ. ಆಯುರ್ವೇದದ ಕೌಮಾರಭೃತ್ಯ ಶಾಖೆ ಬಾಲಗ್ರಹಗಳನ್ನು ಹೇಳುತ್ತದೆ. ಸುಶ್ರುತ ಸಂಹಿತೆ ಅವನ್ನು ಒಂಬತ್ತೆಂದು ಎಣಿಸಿದೆ. ಆಡುಮಾತಿನಲ್ಲಿ ಬಾಲಗ್ರಹ ಎಂಬ ಒಂದೇ ಪದ ಧನುರ್ವಾಯು, ಮೆದುಳು ಜ್ವರ, ಸೆಳವು ಎಲ್ಲವನ್ನೂ ಒಳಗೊಂಡಿತ್ತು. ಒಂದೇ ತಾಯಿಗೆ ಇಂತಹ ಸಾವು ಎರಡು ಮೂರು ಸಲ ಒದಗಿದಾಗ ಮಾತು ಗ್ರಹದಿಂದ ಶಾಪಕ್ಕೆ, ಶಾಪದಿಂದ ಸೊಸೆಯ ಕಾಲ್ಗುಣಕ್ಕೆ ತಿರುಗುತ್ತಿತ್ತು. ಆನುವಂಶಿಕ ದೋಷದ ಲಕ್ಷಣವೇ ಒಂದು ಮನೆಯಲ್ಲಿ ಮರುಕಳಿಸುವುದು. ಆ ಮರುಕಳಿಕೆಯನ್ನು ಜನ ಗುರುತಿಸಿದ್ದರು, ಅದರ ಹೊಣೆಯನ್ನು ಮಾತ್ರ ತಾಯಿಯೊಬ್ಬಳ ಮೇಲೆ ಹೊರಿಸಿದ್ದರು. ವಾಸ್ತವದಲ್ಲಿ ಇಂತಹ ಬಹುಪಾಲು ದೋಷಗಳಲ್ಲಿ ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡು ಕೆಟ್ಟ ಜೀನುಗಳು ಕೂಡಿಬಂದರೆ ಮಾತ್ರ ಮಗುವಿಗೆ ರೋಗ. ಸರ್ಕಾರದ ಮರಣ ದಾಖಲೆಗಳೂ ಈ ವಿಷಯದಲ್ಲಿ ಹೆಚ್ಚು ನೆರವಾಗುವುದಿಲ್ಲ. ಸೆಳವು, ಕಾಮಾಲೆ, ನಂಜು, ಕಡಿಮೆ ತೂಕ ಎಂಬ ಕಾರಣಗಳ ಅಡಿಯಲ್ಲಿ ಇವು ಕರಗಿಹೋಗಿವೆ.

ಪಶ್ಚಿಮದ ಪೂರ್ವಪೀಠಿಕೆ

ಚಯಾಪಚಯ ದೋಷವೆಂಬ ಪರಿಕಲ್ಪನೆ ಇಂಗ್ಲೆಂಡಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್‌ನದು. ಮೂತ್ರ ಕಪ್ಪಾಗುವ ಆಲ್ಕಾಪ್ಟೊನೂರಿಯ ರೋಗದ ಬಗ್ಗೆ 1902ರಲ್ಲಿ ಬರೆದ ಆತ, 1908ರ ಉಪನ್ಯಾಸಗಳಲ್ಲಿ ‘ಹುಟ್ಟಿನಿಂದಲೇ ಬರುವ ಚಯಾಪಚಯ ದೋಷಗಳು’ ಎಂಬ ಹೆಸರನ್ನು ರೂಢಿಗೆ ತಂದನು. ಅಂತಹ ರೋಗಿಗಳ ತಂದೆತಾಯಿಗಳಲ್ಲಿ ಸೋದರಸಂಬಂಧಿಗಳು ಹೆಚ್ಚಾಗಿರುವುದನ್ನು ಗುರುತಿಸಿದವನೂ ಅವನೇ. ಕರ್ನಾಟಕದ ಕಥೆಗೆ ಈ ಅಂಶ ಮುಂದೆ ಬಹಳ ಮುಖ್ಯವಾಗುತ್ತದೆ. 1934ರಲ್ಲಿ ನಾರ್ವೆಯ ಫೋಲಿಂಗ್, ಬುದ್ಧಿಮಾಂದ್ಯರಾದ ಒಡಹುಟ್ಟಿದ ಇಬ್ಬರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಹಸಿರು ಬಣ್ಣ ಬಂದುದನ್ನು ಕಂಡು ಫಿನೈಲ್‌ಕೀಟೊನೂರಿಯವನ್ನು ಗುರುತಿಸಿದನು. 1950ರ ದಶಕದ ಆರಂಭದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಬಿಕೆಲ್ ಮತ್ತು ಸಂಗಡಿಗರು ಫಿನೈಲ್‌ಅಲನಿನ್ ಕಡಿಮೆ ಮಾಡಿದ ಆಹಾರದಿಂದ ಮಗುವಿನ ಸ್ಥಿತಿ ಸುಧಾರಿಸುವುದನ್ನು ತೋರಿಸಿದರು. ಆಹಾರದಿಂದ ತಡೆಯಬಹುದಾದ ಬುದ್ಧಿಮಾಂದ್ಯ ಒಂದಿದೆ ಎಂದಾದ ಮೇಲೆ ಅದನ್ನು ಬೇಗ ಹಿಡಿಯುವ ಪರೀಕ್ಷೆಯ ಅಗತ್ಯ ತಾನಾಗಿ ಎದ್ದಿತು.

ಆ ಪರೀಕ್ಷೆಯನ್ನು ಕೊಟ್ಟವನು ಅಮೆರಿಕದ ಬಫಲೊ ನಗರದ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಗತ್ರಿ. ಆತನ ಮಗನೊಬ್ಬ ಬುದ್ಧಿಮಾಂದ್ಯ; ಆತನ ಸಂಬಂಧಿಕರ ಹೆಣ್ಣುಮಗುವಿಗೆ ಫಿನೈಲ್‌ಕೀಟೊನೂರಿಯ ಇತ್ತು. ಅಗಾರ್ ತಟ್ಟೆಯಲ್ಲಿ ಬೆಳೆಯದಂತೆ ತಡೆಹಿಡಿದ ಬ್ಯಾಕ್ಟೀರಿಯ, ರಕ್ತದ ಚುಕ್ಕೆಯಲ್ಲಿ ಫಿನೈಲ್‌ಅಲನಿನ್ ಹೆಚ್ಚಿದ್ದರೆ ಆ ತಡೆಯನ್ನು ಮೀರಿ ಚುಕ್ಕೆಯ ಸುತ್ತ ಬೆಳೆಯುತ್ತದೆ. ಬೆಳವಣಿಗೆಯ ವಲಯವನ್ನು ಬರಿಗಣ್ಣಿನಿಂದಲೇ ಅಳೆಯಬಹುದು. ಆದರೆ ಈ ಬ್ಯಾಕ್ಟೀರಿಯಕ್ಕಿಂತಲೂ ದೀರ್ಘಕಾಲ ಬಾಳಿದ ಆತನ ಕೊಡುಗೆಯೆಂದರೆ ಸೋಸುಕಾಗದ. ಗಾಜಿನ ಕೊಳವೆ ಬೇಡ, ಮಂಜುಗಡ್ಡೆ ಬೇಡ. ಒಣಗಿದ ರಕ್ತದ ಚುಕ್ಕೆಯನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದರಾಯಿತು. 1963ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಈ ಪರೀಕ್ಷೆಯನ್ನು ಕಾನೂನಿನ ಮೂಲಕ ಕಡ್ಡಾಯ ಮಾಡಿತು.

ಪರೀಕ್ಷೆಯ ಬೆಲೆಯ ಪ್ರಶ್ನೆ ಹಿಂದುಳಿದ ದೇಶಗಳಲ್ಲಿ ಹುಟ್ಟಿದ್ದೆಂದು ಭಾವಿಸುವವರು ಗತ್ರಿಯ ಒಂದು ಜಗಳವನ್ನು ಗಮನಿಸಬೇಕು. ಪರೀಕ್ಷೆಯ ಹಕ್ಕುಸ್ವಾಮ್ಯದ ಮೇಲೆ ಒಂದು ಔಷಧ ಕಂಪನಿಗೆ ಏಕಮಾತ್ರ ಪರವಾನಗಿ ದೊರೆತಿತ್ತು. ಐನೂರು ಪರೀಕ್ಷೆಗಳ ಸಾಮಗ್ರಿಯನ್ನು ಗತ್ರಿ ತನ್ನಲ್ಲಿ ಸುಮಾರು 6 ಡಾಲರಿಗೆ ತಯಾರಿಸುತ್ತಿದ್ದರೆ, ಕಂಪನಿ ಅದಕ್ಕೆ ಇಟ್ಟ ಬೆಲೆ 262 ಡಾಲರ್. ಗತ್ರಿ ಇದನ್ನು ಸಾರ್ವಜನಿಕವಾಗಿ ವಿರೋಧಿಸಿದನು. ವಿಷಯ ಅಮೆರಿಕದ ಸೆನೆಟ್‌ವರೆಗೆ ಹೋಗಿ, 1960ರ ದಶಕದ ನಡುವಿನಲ್ಲಿ ಆ ಏಕಸ್ವಾಮ್ಯ ರದ್ದಾಯಿತು. ಹಾಗಾಗದೆ ಹೋಗಿದ್ದರೆ ಬಡ ದೇಶಗಳಿರಲಿ, ಅಮೆರಿಕದ ಬಡ ರಾಜ್ಯಗಳಿಗೂ ಈ ಪರೀಕ್ಷೆ ದಕ್ಕುತ್ತಿತ್ತೇ ಎಂಬುದು ಸಂದೇಹ.

ದಕ್ಷಿಣ ಭಾರತಕ್ಕೆ ಈ ವಿದ್ಯೆಯ ಗಾಳಿ ಮೊದಲು ಬೀಸಿದ್ದು ವೆಲ್ಲೂರಿನ ಮೂಲಕ. ಮಗುವಿನ ಒದ್ದೆ ಬಟ್ಟೆಯ ಮೇಲೆ ಫೆರಿಕ್ ಕ್ಲೋರೈಡ್ ಹಾಕಿ ನೋಡುವ ಸರಳ ಪರೀಕ್ಷೆಯನ್ನು 1957ರಲ್ಲಿ ಪ್ರಕಟಿಸಿದ ಅಮೆರಿಕದ ವೈದ್ಯ ವಿಲ್ಲರ್ಡ್ ಸೆಂಟರ್‌ವಾಲ್, ದಕ್ಷಿಣ ಭಾರತದ ರಕ್ತಸಂಬಂಧಿ ವಿವಾಹಗಳು ಮತ್ತು ಹುಟ್ಟು ನ್ಯೂನತೆಗಳ ಕುರಿತು ತನ್ನ ಪತ್ನಿಯೊಡನೆ 1966ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದನು.

ಬೆಂಗಳೂರಿನ ಪ್ರಯೋಗ

ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗ 1921ರಷ್ಟು ಹಳೆಯದು. ಅಲ್ಲಿನ ಪ್ರಾಧ್ಯಾಪಕರಾಗಿದ್ದ ಎನ್. ಅಪ್ಪಾಜಿ ರಾವ್ ಮೂಲತಃ ಕಿಣ್ವ ವಿಜ್ಞಾನಿ. ಸೆರೀನ್ ಮತ್ತು ಗ್ಲೈಸಿನ್ ಎಂಬ ಅಮೈನೊ ಆಮ್ಲಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವ ಕಿಣ್ವದ ಮೇಲೆ ಅವರೂ ಎಚ್.ಎಸ್. ಸಾವಿತ್ರಿಯವರೂ ಮಾಡಿದ ಕೆಲಸ ಆ ಕ್ಷೇತ್ರದಲ್ಲಿ ಪ್ರಸಿದ್ಧವಾಗಿದೆ. ಕಿಣ್ವವೊಂದರ ರಚನೆಯನ್ನು ಕುರಿತು ಚಿಂತಿಸುವ ವಿಜ್ಞಾನಿ ಹೆರಿಗೆ ವಾರ್ಡಿನ ಕಡೆಗೆ ತಿರುಗಿದ್ದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಂಡರೂ, ತರ್ಕ ಸರಳವಾಗಿದೆ. ಆನುವಂಶಿಕ ಚಯಾಪಚಯ ದೋಷವೆಂದರೆ ಒಂದು ಕಿಣ್ವದ ಕೊರತೆ. ಅದರ ಗುರುತು ರಕ್ತದಲ್ಲಿ ಶೇಖರವಾಗುವ ಅಮೈನೊ ಆಮ್ಲ. ಅಮೈನೊ ಆಮ್ಲಗಳನ್ನು ಬೇರ್ಪಡಿಸುವುದು ಆ ಪ್ರಯೋಗಾಲಯದ ದೈನಂದಿನ ಕಸುಬಾಗಿತ್ತು. ವೈದ್ಯೆ ಎ. ರಾಧಾ ರಮಾದೇವಿ ಮತ್ತು ಆಗ ಲಂಡನ್ನಿನಲ್ಲಿದ್ದ ತಳಿವಿಜ್ಞಾನಿ ಎ.ಎಚ್. ಬಿಟಲ್ಸ್ ಇವರೊಡನೆ ಕೂಡಿ 1980ರಿಂದ ಬೆಂಗಳೂರು ಮತ್ತು ಮೈಸೂರು ನಗರಗಳ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳ ರಕ್ತಬಿಂದುಗಳ ಪರೀಕ್ಷೆ ನಡೆಯಿತು.

ಇಲ್ಲಿ ಗತ್ರಿಯ ಕಾಗದವನ್ನು ಉಳಿಸಿಕೊಂಡು ಆತನ ಬ್ಯಾಕ್ಟೀರಿಯವನ್ನು ಬಿಟ್ಟುಕೊಟ್ಟ ಕ್ರಮ ಗಮನಾರ್ಹ. ಅದರ ಬದಲಿಗೆ ಬಂದದ್ದು ತೆಳುಪದರ ಕ್ರೊಮಟೋಗ್ರಫಿ. ಒಣಗಿದ ಚುಕ್ಕೆಯಿಂದ ಒಂದು ಸಣ್ಣ ಬಿಲ್ಲೆಯನ್ನು ಕತ್ತರಿಸಿ, ಅದರಲ್ಲಿನ ಅಮೈನೊ ಆಮ್ಲಗಳನ್ನು ದ್ರಾವಕದಲ್ಲಿ ಇಳಿಸಿ, ತೆಳುವಾದ ಪದರ ಬಳಿದ ಫಲಕದ ಬುಡದಲ್ಲಿ ಇಡುತ್ತಾರೆ. ದ್ರಾವಕವು ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲೇರುವಾಗ ಒಂದೊಂದು ಅಮೈನೊ ಆಮ್ಲವೂ ತನ್ನ ತನ್ನ ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಬಳಿಕ ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿ ಮಾಡಿದರೆ ನೇರಳೆ ಬಣ್ಣದ ಪಟ್ಟೆಗಳು ಮೂಡುತ್ತವೆ. ಪ್ರೋಲಿನ್ ಮಾತ್ರ ಹಳದಿ. ಯಾವ ಪಟ್ಟೆ ಎಂದಿಗಿಂತ ದಟ್ಟವಾಗಿದೆಯೋ ಅದೇ ದೋಷದ ಸುಳಿವು. ಬ್ಯಾಕ್ಟೀರಿಯದ ಪರೀಕ್ಷೆ ಒಂದು ಸಲಕ್ಕೆ ಒಂದೇ ಕಾಯಿಲೆಯನ್ನು ಕೇಳುತ್ತದೆ. ಈ ಫಲಕ ಹಲವು ಕಾಯಿಲೆಗಳನ್ನು ಒಟ್ಟಿಗೆ ತೋರಿಸುತ್ತದೆ. ಯಾವ ದೋಷ ಎಷ್ಟಿದೆ ಎಂಬುದೇ ತಿಳಿಯದ ನಾಡಿನಲ್ಲಿ ಇದು ವಿವೇಕದ ಆಯ್ಕೆ ಎಂದೇ ಹೇಳಬೇಕು. ಬೇಕಾಗುವ ರಾಸಾಯನಿಕಗಳು ಯಾವುದೇ ಜೀವರಸಾಯನ ಪ್ರಯೋಗಾಲಯದಲ್ಲಿ ದೊರೆಯುವಂಥವು. ಬೇಕಾಗುವ ಇನ್ನೊಂದು ವಸ್ತು ನುರಿತ ಕಣ್ಣು.

1988ರಲ್ಲಿ ಪ್ರಕಟವಾದ ಪ್ರಬಂಧ ಪರೀಕ್ಷಿತ ಶಿಶುಗಳ ಸಂಖ್ಯೆಯನ್ನು 1,12,269 ಎಂದು ಕೊಡುತ್ತದೆ. ಅನಂತರದ ಸಮೀಕ್ಷೆಗಳಲ್ಲಿ ಸುಮಾರು ಒಂದೂಕಾಲು ಲಕ್ಷವೆಂಬ ಸಂಖ್ಯೆ ಚಲಾವಣೆಯಲ್ಲಿದೆ. ಸಂಶೋಧಕರು ಇವೆರಡನ್ನು ಬೆರೆಸದೆ ಉಲ್ಲೇಖಿಸುವುದು ಒಳಿತು. ಯಾವುದನ್ನು ಹಿಡಿದರೂ ಆ ಕಾಲಕ್ಕೆ ಈ ಪ್ರಮಾಣ ಸಣ್ಣದಲ್ಲ. ಟೈರೊಸಿನೀಮಿಯ, ಮೇಪಲ್ ಸಿರಪ್ ಮೂತ್ರರೋಗ, ಫಿನೈಲ್‌ಕೀಟೊನೂರಿಯ ಮೊದಲಾದ ದೋಷಗಳು ಇಲ್ಲಿನ ಮಕ್ಕಳಲ್ಲಿ ಕಂಡುಬಂದವು. ಟೈರೊಸಿನ್ ಹೆಚ್ಚಿದ ಎಲ್ಲ ಮಕ್ಕಳೂ ರೋಗಿಗಳಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ದಿನ ತುಂಬದೆ ಹುಟ್ಟಿದ ಕೂಸುಗಳಲ್ಲಿ ಯಕೃತ್ತು ಬಲಿಯುವವರೆಗೆ ಅದು ಏರಿದ್ದು ತಾನಾಗಿ ಇಳಿಯುವುದುಂಟು. ಮೊದಲ ಪರೀಕ್ಷೆಯ ಮೇಲೆ ಎರಡನೆಯ ಪರೀಕ್ಷೆ ಆಗಲೇಬೇಕು ಎಂಬುದಕ್ಕೆ ಇದೇ ಕಾರಣ. ಎರಡನೆಯದಕ್ಕಾಗಿ ಮನೆಗೆ ಹೋದ ಬಾಣಂತಿಯನ್ನು ಹುಡುಕಿ ಕರೆತರುವ ಕೆಲಸ ಪ್ರಯೋಗಾಲಯದ ಕೆಲಸಕ್ಕಿಂತ ಕಠಿಣ.

ಮೇಪಲ್ ಸಿರಪ್ ಮೂತ್ರರೋಗದ ಹೆಸರಿನ ಬಗ್ಗೆ ಒಂದು ಮಾತು. ಉತ್ತರ ಅಮೆರಿಕದ ಮರವೊಂದರ ರಸವನ್ನು ಕಾಯಿಸಿದ ಪಾಕದ ವಾಸನೆ ಮಗುವಿನ ಮೂತ್ರಕ್ಕೆ ಬರುವುದರಿಂದ ಈ ಹೆಸರು. ಆ ಪಾಕವನ್ನು ಕಾಣದ ನಮ್ಮ ವೈದ್ಯ ವಿದ್ಯಾರ್ಥಿಗಳು ಹೆಸರನ್ನು ಬಾಯಿಪಾಠ ಮಾಡುತ್ತಾರೆ, ವಾಸನೆಯನ್ನು ಗುರುತಿಸಲಾರರು. ಹೊಳೆನರಸೀಪುರದ ಕಬ್ಬಿನ ಸೀಮೆಯ ತಾಯಿಗೆ ‘ಆಲೆಮನೆಯ ಕೊಪ್ಪರಿಗೆಯಲ್ಲಿ ಹತ್ತಿದ ಪಾಕದ ವಾಸನೆ ಬರುತ್ತದೆಯೇ’ ಎಂದು ಕೇಳಿದರೆ ಉತ್ತರ ಬೇಗ ದೊರೆಯಬಹುದು.

ಸೋದರಿಕೆಯ ಲೆಕ್ಕ

ಈ ತಪಾಸಣೆಯ ಜೊತೆಜೊತೆಗೇ ತಂದೆತಾಯಿಗಳ ಸಂಬಂಧವನ್ನೂ ಕೇಳಿ ದಾಖಲಿಸಲಾಯಿತು. ಹೀಗಾಗಿ ವೈದ್ಯಕೀಯ ಪ್ರಯೋಗವೊಂದು ಕರ್ನಾಟಕದ ವಿವಾಹ ಪದ್ಧತಿಯ ಅತಿ ದೊಡ್ಡ ದಾಖಲೆಗಳಲ್ಲಿ ಒಂದನ್ನು ಬಿಟ್ಟುಹೋಯಿತು. ಸಮಾಜ ಇತಿಹಾಸಕಾರರು ಇದನ್ನು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ. 1980ರಿಂದ 1989ರವರೆಗೆ ಬೆಂಗಳೂರು ಮತ್ತು ಮೈಸೂರಿನಲ್ಲಿ ವಿಚಾರಿಸಲಾದ 1,07,518 ದಂಪತಿಗಳಲ್ಲಿ ಶೇಕಡ 31.4ರಷ್ಟು ರಕ್ತಸಂಬಂಧಿಗಳೇ ಆಗಿದ್ದರು. ಅಕ್ಕನ ಮಗಳನ್ನು ತರುವುದು, ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ತರುವುದು, ಇವೇ ಹೆಚ್ಚು. ಇರಾವತಿ ಕರ್ವೆಯವರು 1953ರ ತಮ್ಮ ಗ್ರಂಥದಲ್ಲಿ ದಕ್ಷಿಣದ ಬಂಧುತ್ವವನ್ನು ಉತ್ತರದ್ದರಿಂದ ಬೇರ್ಪಡಿಸಿದ್ದು ಮುಖ್ಯವಾಗಿ ಈ ಆಧಾರದ ಮೇಲೆಯೇ. 1955ರ ಹಿಂದೂ ವಿವಾಹ ಕಾಯಿದೆಯೂ ರೂಢಿಯಿರುವಲ್ಲಿ ಇಂತಹ ಸಂಬಂಧಗಳಿಗೆ ಎಡೆಮಾಡಿಕೊಟ್ಟಿದೆ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಒಂದು ಕೆಟ್ಟ ಜೀನು ಜನಸಮುದಾಯದಲ್ಲಿ ಇನ್ನೂರರಲ್ಲಿ ಒಂದರಷ್ಟು ಇದೆಯೆಂದು ಇಟ್ಟುಕೊಳ್ಳೋಣ. ಸಂಬಂಧವಿಲ್ಲದವರ ಮದುವೆಯಲ್ಲಿ ಅದು ಎರಡೂ ಕಡೆಯಿಂದ ಮಗುವಿಗೆ ಬರುವ ಸಂಭವ ನಲವತ್ತು ಸಾವಿರಕ್ಕೆ ಒಂದು. ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ಮದುವೆಯಾದಲ್ಲಿ ಅದು ಸುಮಾರು ಮೂರು ಸಾವಿರಕ್ಕೆ ಒಂದು. ಸೋದರಮಾವನನ್ನೇ ಮದುವೆಯಾದಲ್ಲಿ ಸುಮಾರು ಸಾವಿರದೈನೂರಕ್ಕೆ ಒಂದು. ರೋಗ ಎಷ್ಟು ವಿರಳವೋ ಸೋದರಿಕೆಯ ಪ್ರಭಾವ ಅಷ್ಟು ಹೆಚ್ಚು. ಪಶ್ಚಿಮದಲ್ಲಿ ಅತಿ ವಿರಳವೆನಿಸಿದ ಕಾಯಿಲೆ ಇಲ್ಲಿ ಅಷ್ಟು ವಿರಳವಲ್ಲದಿರುವುದಕ್ಕೆ ಇದೊಂದು ಕಾರಣ.

ಆದರೆ ಇದೇ ಲೆಕ್ಕದ ಇನ್ನೊಂದು ಮುಖವನ್ನೂ ಓದಬೇಕು. ಸೋದರಮಾವನ ಮದುವೆಯಲ್ಲೂ ಈ ಒಂದು ರೋಗದ ಮಟ್ಟಿಗೆ ಸಾವಿರದೈನೂರರಲ್ಲಿ ಒಂದು ಮಗುವನ್ನು ಬಿಟ್ಟು ಉಳಿದವು ಆರೋಗ್ಯವಾಗಿಯೇ ಹುಟ್ಟುತ್ತವೆ. ‘ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಸೋದರಿಕೆ, ಎಲ್ಲರೂ ಚೆನ್ನಾಗಿದ್ದಾರೆ’ ಎನ್ನುವ ಹಿರಿಯರು ಸುಳ್ಳು ಹೇಳುತ್ತಿಲ್ಲ. ಅಪ್ಪಾಜಿ ರಾವ್ ಮತ್ತು ಬಿಟಲ್ಸ್ ಇವರು ಸಹೋದ್ಯೋಗಿಗಳೊಡನೆ 1991ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ವಿಷಯವನ್ನು ಸಾಮಾಜಿಕ ಮತ್ತು ಆರ್ಥಿಕ ಅಂಶಗಳೊಡನೆ ಇಟ್ಟು ಚರ್ಚಿಸಿದರು. ಎಲ್ಲ ಹೊಣೆಯನ್ನೂ ಮದುವೆಯ ಪದ್ಧತಿಯ ಮೇಲೆ ಹಾಕಿ ಕೈತೊಳೆದುಕೊಳ್ಳುವ ಸರ್ಕಾರಿ ಭಿತ್ತಿಪತ್ರಗಳಿಗಿಂತ ಅವರ ನಿಲುವು ಹೆಚ್ಚು ಎಚ್ಚರದ್ದು. ಆಸ್ತಿ ಒಡೆಯದಿರಲಿ, ಮಗಳು ಕಣ್ಣಳತೆಯಲ್ಲಿರಲಿ, ವರದಕ್ಷಿಣೆಯ ಹೊರೆ ಬೇಡ ಎಂಬ ಕಾರಣಗಳಿಗಾಗಿ ಬೆಳೆದುಬಂದ ಪದ್ಧತಿ ಉಪದೇಶದಿಂದ ಒಂದೇ ತಲೆಮಾರಿನಲ್ಲಿ ಅಳಿಯುವುದಿಲ್ಲ. ಅಲ್ಲಿಯವರೆಗೆ ಹುಟ್ಟುವ ಮಕ್ಕಳಿಗೆ ಬೇಕಾದುದು ಪರೀಕ್ಷೆ.

ಏಕೆ ಬೆಳೆಯಲಿಲ್ಲ?

ಇಷ್ಟು ಮುಂಚೆ, ಇಷ್ಟು ಕಡಿಮೆ ಸಾಧನಗಳಿಂದ, ಲಕ್ಷಕ್ಕೂ ಮೀರಿದ ಶಿಶುಗಳನ್ನು ಪರೀಕ್ಷಿಸಿದ ಕಾರ್ಯ ರಾಜ್ಯದ ಆರೋಗ್ಯ ಸೇವೆಯ ಅಂಗವಾಗಲಿಲ್ಲ. ಹಣದ ಕೊರತೆಯೆಂಬ ಸಿದ್ಧ ಉತ್ತರ ಪೂರ್ತಿ ಸಮಾಧಾನ ಕೊಡುವುದಿಲ್ಲ. ಪರೀಕ್ಷೆ ದುಬಾರಿಯಾಗಿರಲಿಲ್ಲ, ಚಿಕಿತ್ಸೆ ದುಬಾರಿಯಾಗಿತ್ತು. ಮೇಪಲ್ ಸಿರಪ್ ರೋಗಕ್ಕಾಗಲಿ ಫಿನೈಲ್‌ಕೀಟೊನೂರಿಯಕ್ಕಾಗಲಿ ಬೇಕಾದ ವಿಶೇಷ ಶಿಶು ಆಹಾರ ಹೊರದೇಶದಿಂದ ಬರಬೇಕಿತ್ತು. ಅದನ್ನು ಒಂದು ತಿಂಗಳಿಗಲ್ಲ, ವರ್ಷಗಟ್ಟಲೆ ಕೊಡಬೇಕು. ವಿಲ್ಸನ್ ಮತ್ತು ಯುಂಗ್ನರ್ ವಿಶ್ವ ಆರೋಗ್ಯ ಸಂಸ್ಥೆಗಾಗಿ 1968ರಲ್ಲಿ ರೂಪಿಸಿದ ತಪಾಸಣಾ ತತ್ತ್ವಗಳಲ್ಲಿ ಒಪ್ಪಿತವಾದ ಚಿಕಿತ್ಸೆ ಇರಬೇಕೆಂಬುದು ಪ್ರಮುಖವಾದದ್ದು. ರೋಗವಿದೆಯೆಂದು ಹೇಳಿ, ಮದ್ದು ಇಲ್ಲಿ ಸಿಗದೆಂದು ತಾಯಿಯನ್ನು ಮನೆಗೆ ಕಳುಹಿಸುವುದು ತಪಾಸಣೆಯಾಗದು. ಸಂಶೋಧನೆಯ ದೃಷ್ಟಿಯಿಂದ ಅಮೈನೊ ಆಮ್ಲಗಳ ಆಯ್ಕೆ ಸರಿಯಾಗಿತ್ತು; ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಅದು ಅತಿ ಕಠಿಣ ತುದಿಯಿಂದ ಆರಂಭಿಸಿದಂತಾಯಿತು ಎಂಬುದು ಈ ಲೇಖಕನ ಅಭಿಪ್ರಾಯ.

ಸುಲಭ ತುದಿಯೊಂದು ಆಗಲೇ ತಿಳಿದಿತ್ತು. ಹುಟ್ಟಿನಿಂದ ಬರುವ ಥೈರಾಯ್ಡ್ ಕೊರತೆಯನ್ನು ಸೋಸುಕಾಗದದ ರಕ್ತದಿಂದಲೇ ಹಿಡಿಯುವ ವಿಧಾನವನ್ನು 1970ರ ದಶಕದಲ್ಲಿ ಕೆನಡದ ಕ್ವಿಬೆಕ್‌ನಲ್ಲಿ ಡ್ಯುಸೊ ರೂಪಿಸಿದ್ದನು. ಈ ಕೊರತೆ ಎಲ್ಲ ಸಲವೂ ಆನುವಂಶಿಕವಲ್ಲ, ಆದರೆ ಮೆದುಳಿನ ಮೇಲೆ ಅದರ ಹಾನಿ ಅಷ್ಟೇ ಘೋರ. ಚಿಕಿತ್ಸೆ ದಿನಕ್ಕೊಂದು ಅಗ್ಗದ ಥೈರಾಕ್ಸಿನ್ ಮಾತ್ರೆ. ಅದನ್ನು ಪುಡಿಮಾಡಿ ಎದೆಹಾಲಿನಲ್ಲಿ ಕಲಸಿ ಕೊಡಬಹುದು. ಹಾಗೆಯೇ ಜಿ6ಪಿಡಿ ಎಂಬ ಕಿಣ್ವದ ಕೊರತೆಗೆ ಮದ್ದೇ ಬೇಡ, ಎಚ್ಚರ ಸಾಕು. ಬಟ್ಟೆಯ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆಯ ಸೋಂಕು ತಗುಲಿದ ಬಟ್ಟೆ ಇಂತಹ ಕೂಸಿನ ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಮಲೇರಿಯಾಕ್ಕೆ ಕೊಡುವ ಪ್ರೈಮಕ್ವಿನ್ ಸಹ ಇವರಿಗೆ ಅಪಾಯಕರ. ಗೋಡೆಯ ಮೇಲೆ ದಿನಾಂಕ ಬರೆದು ಹೋಗುತ್ತಿದ್ದ ಮಲೇರಿಯಾ ಕಾರ್ಯಕರ್ತನ ಕೆಲಸಕ್ಕೂ ನವಜಾತ ಶಿಶುವಿನ ತಪಾಸಣೆಗೂ ಹೀಗೊಂದು ನೇರ ನಂಟು ಇದೆ.

ಎರಡನೆಯ ಕಾರಣ ಹೆರಿಗೆಯ ಸ್ಥಳ. 1980ರ ದಶಕದಲ್ಲಿ ಹಾಸನ ಜಿಲ್ಲೆಯಂತಹ ಕಡೆ ಹಳ್ಳಿಯ ಹೆರಿಗೆಗಳು ಬಹುಪಾಲು ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ಆಗುತ್ತಿದ್ದವು. ಅಮೈನೊ ಆಮ್ಲ ಏರಬೇಕಾದರೆ ಮಗು ಒಂದೆರಡು ದಿನ ಹಾಲು ಕುಡಿದಿರಬೇಕು. ಆದ್ದರಿಂದ ರಕ್ತವನ್ನು ಎರಡು ಮೂರು ದಿನಗಳ ಮೇಲೆಯೇ ತೆಗೆಯುವುದು ಕ್ರಮ. ಆ ದಿನ ಕೂಸು ಇರುವಲ್ಲಿಗೆ ಯಾರು ಹೋಗಬೇಕು? ಬೆಂಗಳೂರು ಮೈಸೂರುಗಳ ಆಸ್ಪತ್ರೆಗಳಿಂದ ದೊರೆತ ಅಂಕಿ ನಗರದ ಅಂಕಿಯಾಗಿಯೇ ಉಳಿದದ್ದು ಇದರಿಂದ. 2005ರ ಜನನಿ ಸುರಕ್ಷಾ ಯೋಜನೆ, ಕರ್ನಾಟಕದಲ್ಲಿ 2007ರಲ್ಲಿ ಬಂದ ಮಡಿಲು ಯೋಜನೆ ಇವುಗಳಿಂದ ಬಡ ಗರ್ಭಿಣಿಯರು ಸರ್ಕಾರಿ ಆಸ್ಪತ್ರೆಗೆ ಬರುವುದು ಹೆಚ್ಚಾಯಿತು. 2006ರಲ್ಲಿ ಹಾಸನಕ್ಕೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂದಿತು. 1980ರಲ್ಲಿ ಇಲ್ಲದಿದ್ದ ತಳಹದಿ ಈಗ ಇದೆ.

ಅನ್ಯ ದೇಶಗಳ ಅನುಭವವನ್ನು ಇಲ್ಲಿ ಹೋಲಿಸುವುದು ಉಚಿತ. ಕ್ಯೂಬ ದೇಶವು ಆರ್ಥಿಕ ದಿಗ್ಬಂಧನದ ನಡುವೆಯೂ 1980ರ ದಶಕದಲ್ಲಿಯೇ ಅತ್ಯಲ್ಪ ರಕ್ತ ಮತ್ತು ರಾಸಾಯನಿಕ ಸಾಕಾಗುವ ತನ್ನದೇ ಉಪಕರಣವನ್ನು ರೂಪಿಸಿಕೊಂಡು ಥೈರಾಯ್ಡ್ ತಪಾಸಣೆಯನ್ನು ದೇಶವ್ಯಾಪಿ ಮಾಡಿತು. ಫಿಲಿಪ್ಪೀನ್ಸ್ 1996ರಲ್ಲಿ ಕೆಲವೇ ಆಸ್ಪತ್ರೆಗಳಿಂದ ಆರಂಭಿಸಿ 2004ರಲ್ಲಿ ಕಾನೂನು ತಂದಿತು. ಎರಡೂ ಕಡೆ ಪರೀಕ್ಷೆ ಮೊದಲು ನಾಲ್ಕಾರು ಕಾಯಿಲೆಗಳಿಗೆ ಸೀಮಿತವಾಗಿತ್ತು. ಆದರೆ ಅದರ ಹಿಂದೆ ಹಣದ, ಕಾನೂನಿನ, ಮರುಭೇಟಿಯ ವ್ಯವಸ್ಥೆ ಇತ್ತು. ನಮ್ಮಲ್ಲಿ ವಿಜ್ಞಾನ ಮುಂದೆ ಹೋಗಿ, ವ್ಯವಸ್ಥೆ ಹಿಂದೆ ಉಳಿಯಿತು.

ಅನಂತರದ ದಾರಿ

ಬೆಂಗಳೂರಿನ ಅನುಭವ ಹೈದರಾಬಾದಿಗೆ ಹೋಯಿತು. ರಾಧಾ ರಮಾದೇವಿಯವರು ಅಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18,300 ಶಿಶುಗಳನ್ನು ಪರೀಕ್ಷಿಸಲಾಗಿತ್ತು. ಚಯಾಪಚಯ ದೋಷಗಳು ಸರಿಸುಮಾರು ಸಾವಿರಕ್ಕೆ ಒಂದರಂತೆ ಕಂಡವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಿಂದ 2012ರವರೆಗೆ ದೆಹಲಿ, ಮುಂಬಯಿ, ಕಲ್ಕತ್ತ, ಚೆನ್ನೈ, ಹೈದರಾಬಾದ್ ಕೇಂದ್ರಗಳಲ್ಲಿ ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದಾಗ ಥೈರಾಯ್ಡ್ ಕೊರತೆ 1,130ಕ್ಕೆ ಒಂದರಂತೆಯೂ, ಅಡ್ರಿನಲ್ ಗ್ರಂಥಿಯ ಆನುವಂಶಿಕ ದೋಷ 5,762ಕ್ಕೆ ಒಂದರಂತೆಯೂ ಕಂಡುಬಂದವು. ದೇಶಕ್ಕೆ ದಾರಿ ತೋರಿದ ಬೆಂಗಳೂರು ಆ ಐದು ನಗರಗಳಲ್ಲಿ ಇರಲಿಲ್ಲ. ರಾಜ್ಯದ ಮಟ್ಟದಲ್ಲಿ ಇಂತಹ ತಪಾಸಣೆಯನ್ನು 2008ರಲ್ಲಿ ಕೈಗೊಂಡದ್ದು ಪುಟ್ಟ ಗೋವ.

1990ರಿಂದೀಚೆಗೆ ವಿಕಾಸಗೊಂಡ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೊಮೆಟ್ರಿ ಅದೇ ಸೋಸುಕಾಗದದ ಒಂದು ಬಿಲ್ಲೆಯಿಂದ ಕೆಲವೇ ನಿಮಿಷಗಳಲ್ಲಿ ಹತ್ತಾರು ದೋಷಗಳನ್ನು ತೋರಿಸುತ್ತದೆ. ಯಂತ್ರದ ಬೆಲೆ ಭಾರಿ, ಆದರೆ ಮಾದರಿಗಳ ಸಂಖ್ಯೆ ಹೆಚ್ಚಿದಷ್ಟೂ ಒಂದು ಮಗುವಿನ ಮೇಲಿನ ವೆಚ್ಚ ಇಳಿಯುತ್ತದೆ. ವರ್ಷಕ್ಕೆ ಸುಮಾರು ಹತ್ತು ಲಕ್ಷ ಮಕ್ಕಳು ಹುಟ್ಟುವ ರಾಜ್ಯಕ್ಕೆ ಈ ಲೆಕ್ಕ ಪ್ರತಿಕೂಲವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರರಸಾಯನ ವಿಭಾಗದಲ್ಲಿ ರೋಗಲಕ್ಷಣವುಳ್ಳ ಮಕ್ಕಳಿಗಾಗಿ ಈ ವಿಧಾನ ಬಳಕೆಗೆ ಬಂದಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮೂವತ್ತು ಸ್ಥಿತಿಗಳನ್ನು ಪಟ್ಟಿ ಮಾಡಿತಾದರೂ, ಥೈರಾಯ್ಡ್ ಕೊರತೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. 2019ರ ಉಮ್ಮೀದ್ ಉಪಕ್ರಮವು ಗರ್ಭಿಣಿಯರ ಮತ್ತು ಶಿಶುಗಳ ತಪಾಸಣೆಗೆ ಆರಿಸಿಕೊಂಡ ಹಿಂದುಳಿದ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. 2021ರ ರಾಷ್ಟ್ರೀಯ ವಿರಳ ರೋಗ ನೀತಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವನ್ನು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೊಡನೆ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಿತು. ಆ ನೀತಿಯಡಿ ರೋಗಿಯೊಬ್ಬನಿಗೆ ಐವತ್ತು ಲಕ್ಷ ರೂಪಾಯಿವರೆಗಿನ ನೆರವನ್ನು 2022ರಲ್ಲಿ ವಿಸ್ತರಿಸಲಾಯಿತು. ರೋಗ ತಿಳಿದ ಮೇಲೆ ಐವತ್ತು ಲಕ್ಷ ಕೊಡಲು ಒಪ್ಪುವ ಆಡಳಿತ, ರೋಗ ತಿಳಿಯುವ ಮೊದಲಿನ ಒಂದು ಹನಿ ರಕ್ತದ ಖರ್ಚಿಗೆ ತಡವರಿಸುವುದು ಈ ಇತಿಹಾಸದ ಉದ್ದಕ್ಕೂ ಕಾಣುವ ವೈಪರೀತ್ಯ.

ಬೂವನಹಳ್ಳಿಯ ಹೊಸ್ತಿಲಿನ ಪ್ರಶ್ನೆ ಹೀಗೆ ಬೇರೆ ರೂಪ ತಾಳಿದೆ. ಹೆರಿಗೆ ಹಾಸನದ ಆಸ್ಪತ್ರೆಯಲ್ಲಿ ಆಗುತ್ತದೆ. ಹಿಮ್ಮಡಿ ಚುಚ್ಚಬಲ್ಲ ದಾದಿ ಅಲ್ಲಿದ್ದಾಳೆ. ಕಾಗದ ಒಣಗಲು ಮೂರು ನಾಲ್ಕು ಗಂಟೆ ಸಾಕು; ಲಕೋಟೆ ಮರುದಿನ ಬೆಂಗಳೂರು ಸೇರುತ್ತದೆ. ಫಲಿತಾಂಶ ಸಂಶಯಾಸ್ಪದವಾದರೆ ತಾಯಿಯ ಮನೆ ಬಾಗಿಲಿಗೆ ಹೋಗಿ ಎರಡನೆಯ ಮಾದರಿ ತರಲು ಆಶಾ ಕಾರ್ಯಕರ್ತೆ ಇದ್ದಾಳೆ. ಬಾಣಂತಿ ತವರಿನಲ್ಲಿರುತ್ತಾಳೆಂಬುದನ್ನು ಮರೆತು ಗಂಡನ ಮನೆಯ ವಿಳಾಸವನ್ನು ಮಾತ್ರ ಚೀಟಿಯಲ್ಲಿ ಬರೆದರೆ ಆಕೆ ಅರಕಲಗೂಡಿಗೆ ಹೋಗಬೇಕಾದವಳು ಬೂವನಹಳ್ಳಿಯ ಬಾಗಿಲು ತಟ್ಟಿ ಹಿಂತಿರುಗುತ್ತಾಳೆ. ತಪಾಸಣಾ ಚೀಟಿಯ ನಮೂನೆಯಲ್ಲಿ ತವರಿನ ವಿಳಾಸಕ್ಕೆ ಒಂದು ಸಾಲು, ತಂದೆತಾಯಿಗಳ ಸಂಬಂಧಕ್ಕೆ ಒಂದು ಸಾಲು ಇರಬೇಕು. ಈ ಎರಡನೆಯ ಸಾಲನ್ನು 1980ರಲ್ಲಿ ಬೆಂಗಳೂರು ಮೈಸೂರುಗಳ ಹೆರಿಗೆ ವಾರ್ಡುಗಳಲ್ಲಿ ಮಂಚದಿಂದ ಮಂಚಕ್ಕೆ ನಡೆದು ಕೇಳಿ ಬರೆದುಕೊಳ್ಳಲಾಗಿತ್ತು.